ಕಾಟುಮಾವಿನ ಮರವನ್ನು ಗಿಡ್ಡ ಮಾಡಿ ಉಳಿಸೋಣ

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿ ಸಮಾವೇಶದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಸಂಘದವರು ನನಗೆ ಕೊಟ್ಟಿದ್ದ ವಿಷಯ ‘ತಂತ್ರಜ್ಞಾನ ಮತ್ತು ಗ್ರಾಮೀಣ ವಿದ್ಯಾರ್ಥಿ’. ಸಾಫ್ಟ್‌ವೇರ್ ಕೆಲಸದಲ್ಲಿರುವವನು ಅದನ್ನೇ ಮಾತಾಡಲಿ ಎಂಬುದು ಸಹಜ. ಆದರೆ ಅವರ ಒಪ್ಪಿಗೆ ಪಡೆದು ನಾನು ವಿಷಯ ಬದಲಿಸಿದ್ದೇನೆ. ಮೈದಾನದ ಮೂಡು ಬದಿಯಲ್ಲಿರುವ ಕಾಟುಮಾವಿನ ಮರದ ಬಗ್ಗೆ ಮಾತಾಡುತ್ತೇನೆ. ಕಾರಣ ನಿಮಗೆಲ್ಲ ಗೊತ್ತು. ಕಳೆದ ಮಳೆಗಾಲದಲ್ಲಿ ಅದರ ಒಂದು ದೊಡ್ಡ ಕೊಂಬೆ ರಾತ್ರಿ ಹೊತ್ತು ಮುರಿದು ಸೈಕಲ್ ಸ್ಟ್ಯಾಂಡಿನ ಶೀಟಿನ ಮೇಲೆ ಬಿತ್ತು. ಹಗಲಾಗಿದ್ದರೆ ಏನಾಗುತ್ತಿತ್ತು ಎಂದು ಎಲ್ಲರಿಗೂ ಎದೆ ಝಲ್ಲೆಂದಿತು. ಅಂದಿನಿಂದ ಮರ ಕಡಿಸಬೇಕು ಎನ್ನುವವರು ಒಂದು ಕಡೆ, ಮುಟ್ಟಲೇಬಾರದು ಎನ್ನುವವರು ಇನ್ನೊಂದು ಕಡೆ. ಈ ಕಾರ್ಯಕ್ರಮ ಮುಗಿದ ಮೇಲೆ ಸಭೆ ಕರೆದು ತೀರ್ಮಾನ ಮಾಡುತ್ತಾರಂತೆ. ಆ ಸಭೆಗೆ ಮೊದಲು ನಾಲ್ಕು ಮಾತು ಹೇಳಬೇಕೆಂದು ನನ್ನ ಆಸೆ.

ಮೊದಲಿಗೆ, ಕಡಿಸಬೇಕು ಎನ್ನುವವರನ್ನು ಮರದ ವೈರಿಗಳೆಂದು ಯಾರೂ ತಿಳಿಯಬಾರದು. ಮಕ್ಕಳು ಬುತ್ತಿ ಬಿಚ್ಚುವುದು ಆ ಮರದ ಕೆಳಗೆ. ಏನಾದರೂ ಆದರೆ ಉತ್ತರ ಕೊಡಬೇಕಾದವರು ಮುಖ್ಯೋಪಾಧ್ಯಾಯರು. ಅವರ ಹೆದರಿಕೆ ನ್ಯಾಯವಾದದ್ದು. ನನ್ನ ಮಾತಿಷ್ಟೇ: ಆ ಹೆದರಿಕೆಗೆ ಇರುವ ಮದ್ದು ಬುಡಕ್ಕೆ ಗರಗಸ ಹಾಕುವುದೊಂದೇ ಅಲ್ಲ. ಮರದ ತಲೆಯನ್ನು ಸರಿಯಾದ ಕ್ರಮದಲ್ಲಿ, ಸ್ವಲ್ಪ ಸ್ವಲ್ಪವಾಗಿ ಇಳಿಸಿದರೆ ಮಕ್ಕಳೂ ಉಳಿಯುತ್ತಾರೆ, ಮರವೂ ಉಳಿಯುತ್ತದೆ.

ಇದು ಬಾಯಿಮಾತಲ್ಲ ಎಂದು ತೋರಿಸಲು ಕೆಲವು ಲೆಕ್ಕ ಹೇಳುತ್ತೇನೆ. ಇದೇ ಶಾಲೆಯಲ್ಲಿ ಕಲಿತ ಲೆಕ್ಕ. ನಿನ್ನೆ ಸಂಜೆ ಒಂದು ಕೋಲು ನೆಟ್ಟು ಅದರ ನೆರಳು ಅಳೆದೆ, ಮರದ ನೆರಳನ್ನೂ ಅಳೆದೆ. ಸಮರೂಪ ತ್ರಿಭುಜಗಳ ಪಾಠ ನೆನಪಿರುವ ಮಕ್ಕಳಿಗೆ ಉಳಿದದ್ದು ಗೊತ್ತು. ಮರದ ಎತ್ತರ ಸುಮಾರು 75 ಅಡಿ. ಎದೆಯ ಮಟ್ಟದಲ್ಲಿ ಸುತ್ತಳತೆ 14 ಅಡಿ, ಅಂದರೆ ಅಡ್ಡಳತೆ ನಾಲ್ಕೂವರೆ ಅಡಿಯ ಆಸುಪಾಸು. ಬುಡದ ಪೊಟರೆಯೊಳಗೆ ಕೋಲು ಹಾಕಿ ನೋಡಿದರೆ ಒಳಗೆ ಸುಮಾರು ಎರಡೂವರೆ ಅಡಿ ಟೊಳ್ಳು.

ಟೊಳ್ಳು ಎಂದ ಕೂಡಲೇ ‘ಮರದ ಕತೆ ಮುಗಿಯಿತು’ ಎನ್ನುತ್ತೇವೆ. ಅದು ಅಷ್ಟು ಸರಿಯಲ್ಲ. ಮರದ ಒಳತಿರುಳು ಸತ್ತ ಮರವೇ. ಜೀವ ಇರುವುದು ತೊಗಟೆಯ ಒಳಗಿನ ಹೊರಪದರಗಳಲ್ಲಿ. ಬಾಗುವಿಕೆಯನ್ನು ತಡೆಯುವುದೂ ಹೆಚ್ಚಾಗಿ ಹೊರಭಾಗವೇ. ಬಿದಿರು ಟೊಳ್ಳಾಗಿದ್ದೂ ಗಟ್ಟಿ ನಿಲ್ಲುವುದು ಅದಕ್ಕೇ. ಲೆಕ್ಕ ಹೀಗಿದೆ: ಟೊಳ್ಳಿನ ಅಡ್ಡಳತೆಯನ್ನು ಕಾಂಡದ ಅಡ್ಡಳತೆಯಿಂದ ಭಾಗಿಸಿ, ಬಂದ ಸಂಖ್ಯೆಯನ್ನು ನಾಲ್ಕು ಸಲ ಬರೆದು ಒಂದಕ್ಕೊಂದು ಗುಣಿಸಿದರೆ ಎಷ್ಟು ಬಲ ಹೋಯಿತೆಂದು ತಿಳಿಯುತ್ತದೆ. ಅರ್ಧ ಅಡ್ಡಳತೆ ಟೊಳ್ಳಾದರೆ ಹೋಗುವ ಬಲ ಶೇ. 6ರಷ್ಟು ಮಾತ್ರ. ಶೇ. 70 ಟೊಳ್ಳಾದರೆ ಶೇ. 24. ಅದರ ಮೇಲೆ ಬಲ ಬೇಗ ಬೇಗ ಇಳಿಯುತ್ತದೆ. ನಮ್ಮ ಮರಕ್ಕೆ ಇದನ್ನು ಹಾಕಿದರೆ ಹೋದದ್ದು ಶೇ. 10ರ ಸುಮಾರು. ಪೊಟರೆಗೆ ಒಂದು ಬದಿಯಲ್ಲಿ ಬಾಯಿ ಇರುವುದರಿಂದ ನಿಜವಾದ ನಷ್ಟ ಇದಕ್ಕಿಂತ ಹೆಚ್ಚೇ ಇರುತ್ತದೆ. ಹಾಗಾಗಿ ತಿಳಿದವರಿಂದ ಪರೀಕ್ಷೆ ಆಗಲೇಬೇಕು. ಆದರೆ ಟೊಳ್ಳು ಕಂಡ ಮಾತ್ರಕ್ಕೆ ಮರಕ್ಕೆ ಮರಣಶಾಸನ ಬರೆಯಬೇಕಾಗಿಲ್ಲ.

ಹಾಗಾದರೆ ಅಪಾಯ ಎಲ್ಲಿದೆ? ಮೇಲೆ ಇದೆ. ಗಾಳಿಗೆ ಮರದ ಸೊಪ್ಪು ಹಾಯಿ ಇದ್ದ ಹಾಗೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರ ತಳ್ಳುವ ಬಲ ನಾಲ್ಕು ಪಟ್ಟು. ಆ ಬಲ ಎಷ್ಟು ಎತ್ತರದಲ್ಲಿ ಬೀಳುತ್ತದೋ ಅಷ್ಟು ಉದ್ದದ ಸನ್ನೆಕೋಲಾಗಿ ಬುಡವನ್ನು ಮೀಟುತ್ತದೆ. ನಮ್ಮ ಕಡೆ ವರ್ಷಕ್ಕೆ ನಾಲ್ಕು ಸಾವಿರ ಮಿಲಿಮೀಟರಿನಷ್ಟು ಮಳೆ ಸುರಿಯುತ್ತದೆ. ಜೂನ್, ಜುಲೈಯಲ್ಲಿ ಸೊಪ್ಪು ನೆನೆದು ಭಾರ, ಮಣ್ಣು ನೆನೆದು ಸಡಿಲ, ಅದರ ಮೇಲೆ ಗಾಳಿ. ಮರ ಬೀಳುವುದು ಆಗಲೇ.

ಈಗ ಮರದ ಎತ್ತರವನ್ನೂ ಹರವನ್ನೂ ಐದನೇ ಒಂದು ಪಾಲು ಕಡಿಮೆ ಮಾಡಿದೆವು ಎಂದಿಟ್ಟುಕೊಳ್ಳಿ. 75 ಅಡಿ 60 ಅಡಿಯಾಗುತ್ತದೆ. ಗಾಳಿಗೆ ಸಿಗುವ ವಿಸ್ತಾರ 0.8 ಗುಣಿಸು 0.8, ಅಂದರೆ 0.64. ಸನ್ನೆಯ ಉದ್ದವೂ 0.8. ಎಲ್ಲ ಗುಣಿಸಿದರೆ 0.51. ತಲೆಯಿಂದ 15 ಅಡಿ ಇಳಿಸಿದರೆ ಬುಡದ ಮೇಲಿನ ಒತ್ತಡ ಅರ್ಧಕ್ಕೆ ಇಳಿಯುತ್ತದೆ! ನೋಡುವವರಿಗೆ ಮರ ಹೆಚ್ಚು ಕಡಿಮೆ ಹಾಗೇ ಇರುತ್ತದೆ, ನೆರಳೂ ಇರುತ್ತದೆ, ಮಿಡಿಯೂ ಸಿಗುತ್ತದೆ.

ಇದು ಮರಕ್ಕೆ ಹೊಸ ವಿದ್ಯೆಯೂ ಅಲ್ಲ. ಬಹಳ ಹಳೆಯ ಮರಗಳು ತಾವಾಗಿಯೇ ಗಿಡ್ಡವಾಗುತ್ತವೆ. ತುದಿಯವರೆಗೆ ನೀರು ಏರಿಸುವುದು ಕಷ್ಟವಾದಾಗ ಮೇಲಿನ ಕೊಂಬೆ ಒಣಗುತ್ತದೆ, ಕೆಳಗೆ ಹೊಸ ಚಿಗುರು ಬಂದು ಎರಡನೆಯ ತಲೆ ಕಟ್ಟುತ್ತದೆ. ಇಂಗ್ಲೆಂಡಿನಲ್ಲಿ ಓಕ್ ಮರದ ಬಗ್ಗೆ ಒಂದು ಗಾದೆಯಿದೆ. ಮುನ್ನೂರು ವರ್ಷ ಬೆಳೆಯುತ್ತದೆ, ಮುನ್ನೂರು ವರ್ಷ ಬಾಳುತ್ತದೆ, ಮುನ್ನೂರು ವರ್ಷ ನಿಧಾನವಾಗಿ ಸಾಯುತ್ತದೆ ಎಂದು. ಆ ಮೂರನೆಯ ಮುನ್ನೂರರಲ್ಲಿ ಮರ ಕುಗ್ಗುತ್ತಾ ಬದುಕುತ್ತದೆ. ಗಾಳಿ ಮುರಿಯುವ ಮೊದಲು ನಾವೇ ಆ ಕುಗ್ಗುವಿಕೆಗೆ ಕೈಜೋಡಿಸುವುದೇ ತಲೆ ಇಳಿಸುವ ಕೆಲಸ.

ಇಂಗ್ಲೆಂಡಿನ ಮಾತು ಬಂದದ್ದಕ್ಕೆ ಒಂದು ವಿಷಯ ಹೇಳಬೇಕು. ಕೆಲವು ವರ್ಷಗಳ ಹಿಂದೆ ಕಂಪೆನಿಯ ಕೆಲಸದ ಮೇಲೆ ಲಂಡನ್ನಿನಲ್ಲಿದ್ದೆ. ನಗರದ ಅಂಚಿನಲ್ಲಿ ಎಪ್ಪಿಂಗ್ ಎಂಬ ಕಾಡಿದೆ. ರಜೆಯ ದಿನ ಅಲ್ಲಿಗೆ ನಡೆಯಲು ಹೋಗುತ್ತಿದ್ದೆ. ಅಲ್ಲಿ ತಲೆ ಕಡಿಸಿಕೊಂಡು ಬೆಳೆದ ಹಳೆಯ ಮರಗಳು 50,000ಕ್ಕೂ ಹೆಚ್ಚಿವೆ. ಓಕ್, ಬೀಚ್, ಹಾರ್ನ್‌ಬೀಮ್ ಜಾತಿಯವು. ಸುತ್ತಲಿನ ಹಳ್ಳಿಯವರಿಗೆ ನವೆಂಬರ್ 11ರಿಂದ ಏಪ್ರಿಲ್ 23ರವರೆಗೆ ಸೌದೆಗಾಗಿ ಕೊಂಬೆ ಕಡಿಯುವ ಹಕ್ಕು ಇತ್ತು. ಬುಡ ಮುಟ್ಟುವ ಹಾಗಿಲ್ಲ. ದನ, ಜಿಂಕೆಗೆ ಚಿಗುರು ಎಟುಕದಷ್ಟು ಎತ್ತರದಲ್ಲಿ ಕಡಿಯಬೇಕು. ಹೀಗೆ ಮತ್ತೆ ಮತ್ತೆ ಕಡಿಸಿಕೊಂಡ ಮರಗಳೇ ನೂರಾರು ವರ್ಷ ಬಾಳಿದವು. 1878ರ ಎಪ್ಪಿಂಗ್ ಕಾಡಿನ ಕಾಯ್ದೆ ಆ ಹಕ್ಕನ್ನು ನಿಲ್ಲಿಸಿತು. ಲೌಟನ್ ಎಂಬ ಹಳ್ಳಿಗೆ ಸಿಕ್ಕ ಪರಿಹಾರದ ಹಣದಲ್ಲಿ ಊರವರಿಗಾಗಿ ಕಟ್ಟಿದ ಸಭಾಭವನ 1884ರಲ್ಲಿ ತೆರೆಯಿತು. ಅದರ ಹೆಸರೇ ‘ಲಾಪಿಂಗ್ ಹಾಲ್’, ನಮ್ಮ ಮಾತಿನಲ್ಲಿ ಹೇಳುವುದಾದರೆ ‘ಸೊಪ್ಪು ಕಡಿಯುವವರ ಸಭಾಭವನ’. ಕಡಿಯುವುದು ನಿಂತ ಮೇಲೆ ಕೊಂಬೆಗಳು ದಪ್ಪವಾಗಿ ಮೇಲೆ ಮೇಲೆ ಹೋದವು. ಹಳೆಯ ಟೊಳ್ಳು ಬುಡ ಆ ಭಾರ ತಾಳಲಾರದೆ ಸೀಳಿದ ಮರಗಳು ಎಷ್ಟೋ. ಈಗ ಅಲ್ಲಿ ಕಾಡು ನೋಡಿಕೊಳ್ಳುವವರೇ ಮತ್ತೆ ತಲೆ ಇಳಿಸುತ್ತಿದ್ದಾರೆ.

ಆ ಮರಗಳ ಕೆಳಗೆ ನನಗೆ ನೆನಪಾದದ್ದು ನಮ್ಮ ಮನೆಯ ಕುಮ್ಕಿ ಜಾಗ. ಹಟ್ಟಿಗೆ, ಅಡಿಕೆ ತೋಟಕ್ಕೆ ಸೊಪ್ಪು ಬೇಕೆಂದು ಅಜ್ಜ ಕುಮ್ಕಿಯ ಮರಗಳಿಗೆ ಹತ್ತುತ್ತಿದ್ದರು. ಈ ವರ್ಷ ಈ ಮರ, ಬರುವ ವರ್ಷ ಆ ಮರ ಎಂಬ ಸರತಿ ಇತ್ತು. ‘ಪೂರಾ ಬೋಳು ಮಾಡಬೇಡ, ತುದಿಯಲ್ಲಿ ಒಂದಿಷ್ಟು ಸೊಪ್ಪು ಬಿಡು, ಅದಕ್ಕೂ ಉಸಿರಾಡಬೇಕಲ್ಲ’ ಎಂದು ಕೆಲಸದವರಿಗೆ ಹೇಳುತ್ತಿದ್ದರು. ಅಜ್ಜ ಯಾವ ಪುಸ್ತಕವನ್ನೂ ಓದಿರಲಿಲ್ಲ. ಇಂದು ಮರದ ವೈದ್ಯರು ಬರೆಯುವುದು ಇದನ್ನೇ. ಈಗ ಹಟ್ಟಿಯಲ್ಲಿ ದನವಿಲ್ಲ, ಗೊಬ್ಬರ ಚೀಲದಲ್ಲಿ ಬರುತ್ತದೆ, ಒಲೆಗೆ ಗ್ಯಾಸ್ ಬಂದಿದೆ. ಸೊಪ್ಪು ಕಡಿಯುವ ಕೈಗಳೂ ಕಡಿಮೆಯಾಗಿವೆ. ಶಾಲೆಯ ಮಾವಿನ ಮರದ ಕೆಳಗೊಂಬೆಗಳನ್ನು ನೋಡಿ. ಹತ್ತು ಹನ್ನೆರಡು ಅಡಿ ಎತ್ತರದಲ್ಲಿ ಗಂಟು ಗಂಟಾದ ಹಳೆಯ ಕಡಿತದ ಗುರುತುಗಳಿವೆ. ಅಂದರೆ ಶಾಲೆ ಬರುವ ಮೊದಲು ಯಾರೋ ಅದರ ಸೊಪ್ಪು ಕಡಿಯುತ್ತಿದ್ದರು. ಆ ಮೇಲೆ ಬಂದ ಕೊಂಬೆಗಳೇ ಇಂದು 75 ಅಡಿ ಏರಿ ನಮ್ಮನ್ನು ಹೆದರಿಸುತ್ತಿರುವುದು.

ನಮ್ಮ ರಾಜ್ಯದ ಹಳೆಯ ಮರಗಳ ಕತೆಯನ್ನೂ ನೋಡೋಣ. ಹಾವೇರಿ ಜಿಲ್ಲೆಯ ಸವಣೂರಿನ ದೊಡ್ಡಹುಣಸೆ ಮಠದ ಆವರಣದಲ್ಲಿ ಮೂರು ದೈತ್ಯ ಮರಗಳಿದ್ದವು. ಊರವರು ದೊಡ್ಡ ಹುಣಸೆ ಎನ್ನುವ ಇವು ಆಫ್ರಿಕಾ ಮೂಲದ ಬಾವೊಬಾಬ್ ಜಾತಿಯವು. 2023ರ ಜುಲೈಯಲ್ಲಿ ಮಳೆಗಾಳಿಗೆ ಅದರಲ್ಲಿ ಒಂದು ಬುಡಸಹಿತ ಉರುಳಿತು. ಜಿಲ್ಲಾಡಳಿತ ಅದನ್ನು ಸೌದೆಯೆಂದು ಬಿಡಲಿಲ್ಲ. ಕೊಂಬೆಗಳನ್ನು ಕತ್ತರಿಸಿ, ಕ್ರೇನ್ ತಂದು ಎತ್ತಿ ಮತ್ತೆ ನೆಡಿಸಿತು. ಕೊಂಬೆ ಯಾಕೆ ಕತ್ತರಿಸಬೇಕು? ಬೇರು ಹರಿದುಹೋದ ಮರಕ್ಕೆ ಮೊದಲಿನಷ್ಟು ಸೊಪ್ಪಿಗೆ ನೀರು ಒದಗಿಸುವ ಶಕ್ತಿಯಿಲ್ಲ. ಬೇರಿಗೆ ತಕ್ಕ ತಲೆ, ಲೆಕ್ಕ ಅಷ್ಟೇ. ಸವಣೂರಿನವರು ಮಾಡಿದ್ದು ದೊಡ್ಡ ಕೆಲಸ. ನಮಗೆ ಅದರಿಂದ ಸಿಗುವ ಪಾಠ ಬೇರೆ: ಬಿದ್ದ ಮೇಲೆ ಮಾಡುವುದಕ್ಕಿಂತ ಬೀಳುವ ಮೊದಲು ಮಾಡುವುದು ಸುಲಭ, ಖರ್ಚೂ ಕಡಿಮೆ.

ದೇವನಹಳ್ಳಿಯ ಹತ್ತಿರ ನಲ್ಲೂರು ಎಂಬಲ್ಲಿ 54 ಎಕರೆಯ ಹುಣಸೆ ತೋಪಿದೆ. 2007ರಲ್ಲಿ ಅದನ್ನು ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು. ದೇಶದಲ್ಲೇ ಅಂಥ ಮೊದಲ ತಾಣ ಅದು. ಅಲ್ಲಿನ ಹಳೆಯ ಮರಗಳು ಟೊಳ್ಳಾಗಿವೆ, ವಾಲಿವೆ, ಬಿದ್ದ ಕಾಂಡದಿಂದಲೇ ಚಿಗುರಿ ನಿಂತವೂ ಇವೆ. ಬೆಂಗಳೂರಿನ ಕೇತೋಹಳ್ಳಿಯ ದೊಡ್ಡ ಆಲದ ಮರಕ್ಕೆ ಸುಮಾರು 400 ವರ್ಷ. ರೋಗ ಬಂದು ಅದರ ಮೂಲ ಕಾಂಡವೇ ಹೋಯಿತು. ಆದರೂ ಮೂರು ಎಕರೆಯಷ್ಟು ಮರ ಬಿಳಲುಗಳ ಮೇಲೆ ನಿಂತಿದೆ. ಕೋಲ್ಕತ್ತದ ಆಚೆ ಹೌರಾದ ಸಸ್ಯೋದ್ಯಾನದ ಆಲದ ಮರ 1864 ಮತ್ತು 1867ರ ಚಂಡಮಾರುತಗಳಲ್ಲಿ ಪೆಟ್ಟು ತಿಂದಿತ್ತು. ಕೊನೆಗೆ ಮೂಲ ಕಾಂಡ ಕೊಳೆತಾಗ 1925ರಲ್ಲಿ ಅದನ್ನೇ ಕತ್ತರಿಸಿ ತೆಗೆದರು. ಉಳಿದ ಮರ ಇಂದಿಗೂ ಹಬ್ಬುತ್ತಿದೆ. ನಮ್ಮ ಮಾವಿಗೆ ಬಿಳಲಿನ ಭಾಗ್ಯ ಇಲ್ಲ. ಆದ್ದರಿಂದಲೇ ಅದರ ಒಂದೇ ಬುಡಕ್ಕೆ ನಾವು ಹೊರೆ ಇಳಿಸಿ ಕೊಡಬೇಕು.

ಇನ್ನು ಹೇಗೆ ಕಡಿಯಬಾರದು ಎಂಬುದನ್ನು ಹೇಳುತ್ತೇನೆ. ಇದೇ ಮುಖ್ಯ. ಯಾಕೆಂದರೆ ‘ಗೆಲ್ಲು ಸವರಿಸಿ’ ಎಂದು ಹೇಳಿ ನಾವು ಮನೆಗೆ ಹೋದರೆ, ಸಂಜೆಯೊಳಗೆ ಮರ ಕಂಬವಾಗಿರುತ್ತದೆ.

ಒಂದು, ಒಮ್ಮೆಗೇ ಬೋಳಿಸಬಾರದು. ಮರ ಅನ್ನ ಮಾಡಿಕೊಳ್ಳುವುದು ಸೊಪ್ಪಿನಲ್ಲಿ. ಬಹುಕಾಲ ಮುಟ್ಟದೇ ಬಿಟ್ಟ ಮುದಿ ಮರವನ್ನು ಒಂದೇ ಸಲ ಬೋಳಿಸಿದರೆ ಹಲವು ಸಾಯುತ್ತವೆ ಎಂಬುದನ್ನು ಇಂಗ್ಲೆಂಡಿನವರು ನಷ್ಟ ಮಾಡಿಕೊಂಡೇ ಕಲಿತರು. ನಮ್ಮಲ್ಲಿ ತೋಟಗಾರಿಕೆ ಬಲ್ಲವರು ಕೇಳಬಹುದು, ಲಕ್ನೋದ ಸಂಶೋಧನಾ ಕೇಂದ್ರದವರು ಹಳೆಯ ಮಾವಿನ ತೋಪುಗಳನ್ನು ಮೂರು ನಾಲ್ಕು ಮೀಟರ್ ಎತ್ತರಕ್ಕೆ ಕಡಿಸಿ ಮತ್ತೆ ಫಲ ತೆಗೆಯುವುದಿಲ್ಲವೇ ಎಂದು. ನಿಜ. ಆದರೆ ಅವು ನಲವತ್ತು ಐವತ್ತು ವರ್ಷದ ಕಸಿ ಮರಗಳು. ನಮ್ಮದು ಎಂಬತ್ತು ದಾಟಿದ ಹಿರಿಯರು ‘ನಾವು ಸಣ್ಣವರಿದ್ದಾಗಲೂ ಹೀಗೇ ಇತ್ತು’ ಎನ್ನುವ ಮರ. ಪ್ರಾಯದವರಿಗೆ ಮಾಡುವ ಆಪರೇಷನ್ನನ್ನು ಅಜ್ಜಿಗೆ ಮಾಡಿಸುತ್ತೇವೆಯೇ?

ಎರಡು, ಮರದ ಗಾಯ ನಮ್ಮ ಗಾಯದ ಹಾಗೆ ವಾಸಿಯಾಗುವುದಿಲ್ಲ. ಅಮೆರಿಕದ ಅರಣ್ಯ ಇಲಾಖೆಯ ವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಸೀಳಿ ನೋಡಿ ತೋರಿಸಿದ ವಿಷಯ ಇದು. ಮರ ಕೊಳೆತ ಜಾಗದ ಸುತ್ತ ಗೋಡೆ ಕಟ್ಟಿ, ಅದರ ಮೇಲೆ ಹೊಸ ಮರ ಬೆಳೆಸಿ ಮುಚ್ಚುತ್ತದೆ. ಸಣ್ಣ ಗಾಯ ಬೇಗ ಮುಚ್ಚುತ್ತದೆ, ತೊಡೆ ಗಾತ್ರದ ಗಾಯ ಮುಚ್ಚುವ ಮೊದಲೇ ನೀರು ಇಳಿದು ಅಣಬೆ ಸೇರುತ್ತದೆ. ಆದ್ದರಿಂದ ತುದಿಯ ಸಣ್ಣ ಕೊಂಬೆಗಳನ್ನು ಹೆಚ್ಚು ಕಡೆ ಕಡಿಯಬೇಕು, ಬುಡದ ದೊಡ್ಡ ಕೊಂಬೆಗಳನ್ನು ಆದಷ್ಟು ಮುಟ್ಟಬಾರದು. ಪ್ರತಿ ಕಡಿತ ಒಂದು ಜೀವಂತ ಕವಲಿನ ಮುಂದೆ ಇರಬೇಕು. ಕೊಂಬೆಯ ಬುಡದಲ್ಲಿರುವ ಉಬ್ಬನ್ನು ಕೆತ್ತಬಾರದು, ಗೂಟದ ಹಾಗೆ ಉದ್ದ ಬಿಡಲೂಬಾರದು.

ಮೂರು, ಒಂದೇ ಬದಿ ಕಡಿಯಬಾರದು. ರಸ್ತೆ ಬದಿಯಲ್ಲಿ ತಂತಿಗಾಗಿ ಒಂದು ಮಗ್ಗುಲು ಕಡಿಸಿಕೊಂಡ ಮರಗಳು ಇನ್ನೊಂದು ಮಗ್ಗುಲಿಗೆ ವಾಲಿ ನಿಂತದ್ದನ್ನು ದಿನಾ ನೋಡುತ್ತೇವೆ.

ನಾಲ್ಕು, ಬೇರು ಕಾಯಬೇಕು. ಮೇಲೆ ಎಷ್ಟು ಜಾಗ್ರತೆ ಮಾಡಿದರೂ ಕೆಳಗೆ ಜೇಸಿಬಿ ಓಡಿಸಿದರೆ ಎಲ್ಲ ವ್ಯರ್ಥ. ಮರಕ್ಕೆ ಆಹಾರ ಎಳೆಯುವ ಬೇರುಗಳು ಹೆಚ್ಚಿನವು ಮೇಲ್ಮಣ್ಣಿನ ಒಂದೆರಡು ಅಡಿಯಲ್ಲೇ ಇರುತ್ತವೆ, ಕೊಂಬೆಗಳ ಹರವಿನಿಂದ ಆಚೆಗೂ ಹೋಗಿರುತ್ತವೆ. ಅವುಗಳಿಗೂ ಗಾಳಿ ಬೇಕು. ಮಹೋತ್ಸವದ ನೆನಪಿಗೆ ಅಂಗಳಕ್ಕೆ ಇಂಟರ್‌ಲಾಕ್ ಹಾಕಿಸುವ ಯೋಚನೆ ಇದೆಯೆಂದು ಕೇಳಿದೆ. ಒಳ್ಳೆಯದು. ಮರದ ಕೆಳಗಿನ ಜಾಗವನ್ನು ಮಾತ್ರ ಬಿಟ್ಟು ಹಾಕಿಸಿ ಎಂದು ಕೈಮುಗಿದು ಕೇಳುತ್ತೇನೆ. ಬುಡಕ್ಕೆ ಮಣ್ಣು ಏರಿಸಿ ಸಿಮೆಂಟಿನ ಕಟ್ಟೆ ಕಟ್ಟುವುದೂ ಬೇಡ. ಅಲ್ಲಿ ಬಿದ್ದ ತರಗೆಲೆ ಅಲ್ಲೇ ಇರಲಿ.

ಹಾಗಾದರೆ ಮಾಡಬೇಕಾದದ್ದೇನು? ಮರ ಇರುವುದು ಸರಕಾರಿ ಜಾಗದಲ್ಲಿ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರಕಾರ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗೆ ಅರ್ಜಿ ಕೊಟ್ಟು ಒಪ್ಪಿಗೆ ಪಡೆಯಬೇಕು. ಶಿಕ್ಷಣ ಇಲಾಖೆಗೂ ತಿಳಿಸಬೇಕು. ತಿಳಿದವರು ಬುಡ, ಬೇರು, ಪೊಟರೆ ಪರೀಕ್ಷಿಸಲಿ. ಬೇರೇ ಕೊಳೆತಿದೆ, ಏನು ಮಾಡಿದರೂ ನಿಲ್ಲದು ಎಂದು ಅವರು ಹೇಳಿದರೆ ಕಡಿಯೋಣ. ಆಗ ನನ್ನ ತಕರಾರು ಇಲ್ಲ. ಮಕ್ಕಳ ತಲೆಗಿಂತ ಮರ ದೊಡ್ಡದಲ್ಲ. ಬೇರು ಗಟ್ಟಿ ಇದೆ ಎಂದಾದರೆ, ಮಳೆ ಬಿಟ್ಟ ಮೇಲೆ ಮೊದಲ ಸುತ್ತಿನಲ್ಲಿ ಒಣ ಕೊಂಬೆ ತೆಗೆದು ತುದಿಗಳನ್ನು ಐದಾರು ಅಡಿ ಇಳಿಸುವುದು. ಮೂರು ವರ್ಷ ಚಿಗುರು ನೋಡಿ ಎರಡನೆಯ ಸುತ್ತು. ಮತ್ತೆ ಮೂರು ವರ್ಷಕ್ಕೆ ಮೂರನೆಯ ಸುತ್ತು. ಪೊಟರೆಗಳಲ್ಲಿ ಗಿಳಿ, ಗೂಬೆ, ಮಂಗಟ್ಟೆ ಗೂಡು ಮಾಡಿವೆಯೇ ಎಂದು ಪ್ರತಿ ಸಲ ಮೊದಲು ನೋಡಬೇಕು. ಅಲ್ಲಿಯವರೆಗೆ, ಜೂನ್‌ನಿಂದ ಸೆಪ್ಟೆಂಬರ್ ತನಕ ಮರದ ಕೆಳಗೆ ಹಗ್ಗ ಕಟ್ಟಿ, ಬುತ್ತಿ ಊಟ ಜಗಲಿಯಲ್ಲಿ. ಸೈಕಲ್ ಸ್ಟ್ಯಾಂಡನ್ನು ಗೇಟಿನ ಹತ್ತಿರಕ್ಕೆ ಸ್ಥಳಾಂತರಿಸೋಣ. ಮರ ಬಿದ್ದರೂ ಯಾರ ಮೇಲೂ ಬೀಳದ ಹಾಗೆ ಮಾಡುವುದೂ ರಕ್ಷಣೆಯೇ.

ನನ್ನ ಉದ್ಯೋಗದಲ್ಲಿಯೂ ಇಂಥದ್ದೇ ಪ್ರಸಂಗ ಬರುತ್ತದೆ. ಇಪ್ಪತ್ತು ವರ್ಷ ಹಳೆಯ ಪ್ರೋಗ್ರಾಂ ಒಂದು ದಿನ ಕೈಕೊಡುತ್ತದೆ. ಹೊಸಬರು ‘ಎಲ್ಲ ಕಿತ್ತು ಹೊಸದಾಗಿ ಬರೆಯೋಣ’ ಎನ್ನುತ್ತಾರೆ, ಹಳಬರು ‘ಮುಟ್ಟಬೇಡಿ’ ಎನ್ನುತ್ತಾರೆ. ಬುದ್ಧಿವಂತರು ಭಾರವಾದ ಭಾಗವನ್ನು ಸ್ವಲ್ಪ ಸ್ವಲ್ಪವೇ ಇಳಿಸಿ, ಪ್ರತಿ ಹೆಜ್ಜೆಗೂ ಪರೀಕ್ಷೆ ಮಾಡಿ ಮುಂದೆ ಹೋಗುತ್ತಾರೆ. ಅದಕ್ಕೆ ತಾಳ್ಮೆ ಬೇಕು, ಮಾಡಿದ್ದನ್ನು ಬರೆದಿಡುವ ಶಿಸ್ತು ಬೇಕು.

ಆ ಬರೆದಿಡುವ ಕೆಲಸಕ್ಕೆ ನಮ್ಮ ಮಕ್ಕಳಿದ್ದಾರೆ. ಪ್ರತಿ ವರ್ಷ ಒಂಬತ್ತನೆಯ ತರಗತಿಯವರು ಮರದ ಎತ್ತರ, ಸುತ್ತಳತೆ, ಹೊಸ ಚಿಗುರು ಎಲ್ಲಿ ಬಂತು, ಯಾವ ಕೊಂಬೆ ಒಣಗಿತು ಎಂದು ಒಂದು ಪುಸ್ತಕದಲ್ಲಿ ಬರೆಯಲಿ. ನಿನ್ನೆಯ ನನ್ನ ಅಳತೆ ಅದರ ಮೊದಲ ಪುಟವಾಗಲಿ. ಹತ್ತು ವರ್ಷದ ಪುಸ್ತಕ ಸಿಕ್ಕರೆ, ಮರ ಸುಧಾರಿಸುತ್ತಿದೆಯೋ ಇಳಿಯುತ್ತಿದೆಯೋ ಎಂದು ಯಾರ ಊಹೆಯನ್ನೂ ಕೇಳಬೇಕಾಗಿಲ್ಲ.

ಖರ್ಚಿನ ಮಾತು. ಪರೀಕ್ಷೆಯ ಮತ್ತು ಮೊದಲ ಸುತ್ತಿನ ಖರ್ಚು ನನ್ನದು. ಎರಡನೆಯ, ಮೂರನೆಯ ಸುತ್ತಿಗೆ ಹಳೆ ವಿದ್ಯಾರ್ಥಿ ಸಂಘದಲ್ಲಿ ಒಂದು ಸಣ್ಣ ನಿಧಿ ಇಡೋಣ ಎಂದು ನನ್ನ ಬ್ಯಾಚಿನ ಆರು ಮಂದಿ ಒಪ್ಪಿದ್ದಾರೆ. ಹಗ್ಗ ಕಟ್ಟಿ ಮರ ಹತ್ತುವವರಿಗೆ ವಿಮೆ ಮಾಡಿಸದೆ ಕೆಲಸ ಶುರು ಮಾಡುವುದು ಬೇಡ. ಆ ಖರ್ಚೂ ಇದರಲ್ಲೇ ಸೇರಿದೆ.

ನಮ್ಮ ಪುತ್ತಿಗೆ ಚೌಟ ಅರಸರು ಆಳಿದ ಊರು. ಪಕ್ಕದ ಮೂಡುಬಿದಿರೆಯಲ್ಲಿ 1430ರ ಸಾವಿರ ಕಂಬದ ಬಸದಿ ಇದೆ. ಅದರ ಒಂದು ಕಂಬಕ್ಕೆ ಬಿರುಕು ಬಂದರೆ ಬಸದಿಯನ್ನೇ ಕೆಡವೋಣ ಎಂದು ಯಾರೂ ಹೇಳುವುದಿಲ್ಲ, ತಿಳಿದವರನ್ನು ಕರೆಸುತ್ತಾರೆ. ನಮ್ಮ ಶಾಲೆಗೆ ಐವತ್ತು ತುಂಬಿತು. ಆ ಐವತ್ತೂ ವರ್ಷ ಇಲ್ಲಿ ಕಲಿತ ಪ್ರತಿಯೊಬ್ಬನೂ ಪ್ರತಿಯೊಬ್ಬಳೂ ಒಮ್ಮೆಯಾದರೂ ಆ ಮರಕ್ಕೆ ಕಲ್ಲು ಹೊಡೆದು ಹಣ್ಣು ತಿಂದವರೇ. ಸಭೆಯಲ್ಲಿ ಕೈ ಎತ್ತುವ ಮೊದಲು ಒಮ್ಮೆ ಪರೀಕ್ಷೆ ಮಾಡಿಸೋಣ ಎಂಬುದಷ್ಟೇ ನನ್ನ ಬೇಡಿಕೆ. ಅರ್ಜಿಯ ಕರಡು ಬರೆದು ತಂದಿದ್ದೇನೆ, ಮುಖ್ಯೋಪಾಧ್ಯಾಯರ ಕೈಗೆ ಕೊಡುತ್ತೇನೆ. ಮುಂದಿನ ಮಳೆ ಶುರುವಾಗುವ ಮೊದಲು ಅದು ಇಲಾಖೆಗೆ ತಲುಪಿದರೆ ಒಳ್ಳೆಯದು.